ಪುಸ್ತಕ ಕೊಳ್ಳುವ ಮೊದಲು ನಿಮ್ಮ ಓಎಂಆರ್ ಹಾಳೆ ನೋಡಿ

ಪ್ರಶ್ನೆ: ನಾನು ಸೇಡಂ ತಾಲ್ಲೂಕಿನ ಹಳ್ಳಿಯವಳು. ಹತ್ತನೆಯ ತರಗತಿಯವರೆಗೆ ಊರಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿ, ಕಲಬುರಗಿಯ ಹಾಸ್ಟೆಲಿನಲ್ಲಿದ್ದು ಪಿಯು ವಿಜ್ಞಾನ ಮುಗಿಸಿದೆ. 2025ರ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ 297 ಅಂಕ ಬಂದವು: ಜೀವಶಾಸ್ತ್ರ 205, ರಸಾಯನಶಾಸ್ತ್ರ 70, ಭೌತಶಾಸ್ತ್ರ 22. ಮನೆಯಲ್ಲೇ ಓದಿ ಮತ್ತೆ ಬರೆಯುವವಳಿದ್ದೇನೆ. ಗೆಳತಿಯ ಅಕ್ಕ ತನ್ನ 2022ರ ಕೋಚಿಂಗ್ ಮಾಡ್ಯೂಲ್‌ಗಳನ್ನು ಒಂಬತ್ತು ಸಾವಿರಕ್ಕೆ ಕೊಡುತ್ತೇನೆ ಎನ್ನುತ್ತಾಳೆ. ಹೈದರಾಬಾದಿನಲ್ಲಿರುವ ಅಣ್ಣ ಹೊಸ ಪುಸ್ತಕಗಳ ಉದ್ದ ಪಟ್ಟಿ ಕಳಿಸಿದ್ದಾನೆ. ಅಪ್ಪ ತೊಗರಿ ಮಾರಿದ ಹಣ ಕೈಗಿಟ್ಟು ‘ಏನ್ ಬೇಕಾಗ್ತದ ತಗೋ ಅವ್ವಾ’ ಎಂದರು. ಕೊಳ್ಳದಿದ್ದರೆ ಹಿಂದೆ ಬೀಳುವ ಭಯ; ಕೊಂಡೂ ಸೋತರೆ ಅಪ್ಪನಿಗೆ ಹೇಗೆ ಮುಖ ತೋರಿಸಲಿ?

ಉತ್ತರ: ಆ 2022ರ ಸೆಟ್ಟನ್ನು ಕೊಳ್ಳಬೇಡಿ. 2023ರ ನವೆಂಬರ್‌ನಲ್ಲಿ ಪ್ರಕಟವಾದ ಪರಿಷ್ಕೃತ ಪಠ್ಯಕ್ರಮವು 2024ರ ನೀಟ್‌ನಿಂದ ಜಾರಿಯಲ್ಲಿದ್ದು, ಘನ ಸ್ಥಿತಿ, ಪಾಲಿಮರ್‌ಗಳು, ಸಸ್ಯಗಳಲ್ಲಿ ಸಾಗಣೆ, ಜೀರ್ಣಕ್ರಿಯೆಯಂಥ ಅಧ್ಯಾಯಗಳು ಅದರಲ್ಲಿಲ್ಲ. ಹಳೆಯ ಮಾಡ್ಯೂಲ್ ಹಿಡಿದು ಒಬ್ಬರೇ ಓದುವವರು ಪರೀಕ್ಷೆಗಿಲ್ಲದ ಪಾಠಕ್ಕೆ ವಾರಗಟ್ಟಲೆ ಕೊಟ್ಟುಬಿಡುತ್ತಾರೆ. ಅದು ಬೇಡವೆಂದು ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಿಮಗೆ ಬೇಕಾದ ಮುಖ್ಯ ಪುಸ್ತಕಗಳು ಈಗಾಗಲೇ ನಿಮ್ಮ ಟ್ರಂಕಿನಲ್ಲಿವೆ. ನಮ್ಮ ಪಿಯು ವಿಜ್ಞಾನಕ್ಕೆ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪಠ್ಯವೇ ಆಧಾರ, ನೀಟ್‌ಗೂ ಅದೇ. ಆದರೆ ಒಂದು ಎಚ್ಚರಿಕೆ ಅಗತ್ಯ. ಪುಸ್ತಕದಿಂದ ತೆಗೆದದ್ದೆಲ್ಲ ಪರೀಕ್ಷೆಯಿಂದಲೂ ಹೋಗಿಲ್ಲ. ಪಿ-ಬ್ಲಾಕ್ ಧಾತುಗಳ ಅಧ್ಯಾಯವನ್ನು ಎನ್‌ಸಿಇಆರ್‌ಟಿ ಕೈಬಿಟ್ಟಿದ್ದರೂ ನೀಟ್ ಪಠ್ಯಕ್ರಮದಲ್ಲಿ 13ರಿಂದ 18ನೆಯ ಗುಂಪಿನವರೆಗೆ ಅದು ಉಳಿದಿದೆ. ಹೂಬಿಡುವ ಸಸ್ಯಗಳ ಕುಟುಂಬಗಳ ವಿಷಯದಲ್ಲೂ ಹೀಗೆಯೇ ಆಗಿದ್ದು, ನಿಮ್ಮ ಹೊಲದ ತೊಗರಿ ಸೇರುವ ಲೆಗ್ಯುಮಿನೋಸೀ ಪರೀಕ್ಷೆಯ ಪಟ್ಟಿಯಲ್ಲಿದೆ, ಪರಿಷ್ಕೃತ ಪುಸ್ತಕದಲ್ಲಿ ಇಲ್ಲ. ಪಠ್ಯಕ್ರಮದ ಪ್ರತಿಯನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ, ಸಿಗದ ಭಾಗಗಳನ್ನು ಹಿರಿಯ ವಿದ್ಯಾರ್ಥಿಗಳ ಹಳೆಯ ಪಠ್ಯಪುಸ್ತಕದಿಂದ ಜೆರಾಕ್ಸ್ ಮಾಡಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಭೌತಶಾಸ್ತ್ರದ ಆ 22. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ ಎಂಬ ಲೆಕ್ಕದಲ್ಲಿ 13 ಸರಿ, 30 ತಪ್ಪು ಮಾಡಿದವರಿಗೂ 22 ಬರುತ್ತದೆ. ಬರೀ ಎಂಟು ಪ್ರಶ್ನೆ ಮುಟ್ಟಿ 6 ಸರಿ, 2 ತಪ್ಪು ಮಾಡಿದವರಿಗೂ ಅಷ್ಟೇ ಬರುತ್ತದೆ. ಈ ಇಬ್ಬರಿಗೂ ಒಂದೇ ಪುಸ್ತಕ ಹೇಳುವುದು ಅನ್ಯಾಯ. ನೀವು ಉತ್ತರ ಗುರುತು ಹಾಕಿದ ಓಎಂಆರ್ ಹಾಳೆಯ ಪ್ರತಿಯನ್ನೂ ಅಂತಿಮ ಕೀ ಉತ್ತರಗಳನ್ನೂ ಜೊತೆಗಿಟ್ಟು ನೋಡಿ. ನೀವು ಮೊದಲನೆಯವರಾದರೆ ಊಹೆಯ ಮೇಲೆ ಗುರುತು ಹಾಕಿದ್ದೀರಿ ಎಂದರ್ಥ. ಪಠ್ಯದ ಬಿಡಿಸಿದ ಉದಾಹರಣೆಗಳನ್ನು ಉತ್ತರ ಮುಚ್ಚಿ ಮಾಡುವುದರಿಂದಲೇ ಆರಂಭಿಸಬೇಕು. ಎರಡನೆಯವರಾದರೆ ಅಭ್ಯಾಸ ಸಾಲದೆ ಕೈ ಹಿಂಜರಿದಿದೆ, ಅಥವಾ ಸಮಯ ಸಾಲಲಿಲ್ಲ. 180 ನಿಮಿಷದಲ್ಲಿ 180 ಪ್ರಶ್ನೆಗಳಿರುವಾಗ ಜೀವಶಾಸ್ತ್ರದ 90ನ್ನು ಬೇಗ ಮುಗಿಸಿದವರಿಗೆ ಮಾತ್ರ ಭೌತಶಾಸ್ತ್ರಕ್ಕೆ ಬಿಡುವು ಉಳಿಯುತ್ತದೆ. ಹಣ ಖರ್ಚು ಮಾಡಲೇಬೇಕೆಂದಿದ್ದರೆ ಭೌತಶಾಸ್ತ್ರದ ಒಂದೇ ಒಂದು ಸಮಸ್ಯೆಗಳ ಪುಸ್ತಕ ಕೊಳ್ಳಿ. ಅದನ್ನೂ ಮೊದಲು ಕಲಬುರಗಿಯ ಗ್ರಂಥಾಲಯದಲ್ಲಿ ಕುಳಿತು, ಒಂದು ಅಧ್ಯಾಯದ ಲೆಕ್ಕಗಳನ್ನು ಬಿಡಿಸಿ, ಅದರ ವಿವರಣೆ ನಿಮಗೆ ತಿಳಿಯುತ್ತದೆಯೇ ಎಂದು ನೋಡಿದ ಮೇಲೆಯೇ ಕೊಳ್ಳಿ.

ರಸಾಯನಶಾಸ್ತ್ರಕ್ಕೆ ಪಠ್ಯ ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು ಸಾಕು. ಜೀವಶಾಸ್ತ್ರಕ್ಕೆ ಅಣ್ಣನ ಪಟ್ಟಿಯ ಒಂದು ಪುಸ್ತಕವೂ ಬೇಡ. ಚಿತ್ರಗಳ ಕೆಳಗಿನ ಬರಹವನ್ನೂ ಕೋಷ್ಟಕಗಳನ್ನೂ ಬಿಡದೆ ಓದಿ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ. ಮುಂದಿನ ಅರ್ಜಿಯಲ್ಲಿ ಪ್ರಶ್ನೆಪತ್ರಿಕೆಯ ಭಾಷೆಯನ್ನು ಕನ್ನಡವೆಂದು ಆರಿಸಲು ಸಂಕೋಚಪಡಬೇಡಿ. ಆಗ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಬರುತ್ತದೆ. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮವಾದ್ದರಿಂದ ಪಾರಿಭಾಷಿಕ ಪದಗಳನ್ನು ಪಿಯುನಲ್ಲಿ ಕಲಿತಂತೆ ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ, ಉದ್ದನೆಯ ಪ್ರಶ್ನೆಯ ಅರ್ಥವನ್ನು ಕನ್ನಡದಲ್ಲಿ ಹಿಡಿಯಿರಿ.

ಅಪ್ಪನ ವಿಷಯಕ್ಕೆ ಬರೋಣ. ಅವರು ನಿಮ್ಮಿಂದ ಪುಸ್ತಕಗಳ ರಾಶಿಯನ್ನು ಕೇಳಿಲ್ಲ, ಬೇಕಾದದ್ದನ್ನು ತಗೋ ಎಂದಿದ್ದಾರೆ. ಈ ವಾರವೇ ಅವರ ಜೊತೆ ಕುಳಿತು, ಯಾವುದು ಬೇಕು, ಯಾವುದು ಬೇಡ, ಏಕೆ ಬೇಡ ಎಂದು ಬಿಡಿಸಿ ಹೇಳಿ, ಉಳಿದ ಹಣವನ್ನು ಅವರ ಕೈಗೇ ಕೊಡಿ. ಫಲಿತಾಂಶ ಹೇಗೇ ಇರಲಿ, ಆ ಹಣ ಎಲ್ಲಿ ಹೋಯಿತೆಂದು ತಿಳಿದಿರುವ ತಂದೆಯೆದುರು ತಲೆ ತಗ್ಗಿಸುವ ಪ್ರಸಂಗ ಬಾರದು. ಅದರಲ್ಲಿ ಸ್ವಲ್ಪವನ್ನು ಮಾದರಿ ಪತ್ರಿಕೆಗಳ ಮುದ್ರಣಕ್ಕೆ, ಅರ್ಜಿ ಶುಲ್ಕಕ್ಕೆ, ಮತ್ತು ಮೀಸಲಾತಿಗೆ ಬೇಕಾದ 371ಜೆ (ಕಲ್ಯಾಣ ಕರ್ನಾಟಕದವರಿಗಿರುವುದು), ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳಿಗಾಗಿ ತಾಲ್ಲೂಕು ಕೇಂದ್ರಕ್ಕೂ ಶಾಲೆಗೂ ಓಡಾಡುವ ಖರ್ಚಿಗೆ ತೆಗೆದಿಡಲು ಹೇಳಿ. ಸೀಟು ಹಂಚುವ ಕೌನ್ಸೆಲಿಂಗ್ ಹೊತ್ತಿಗೆ ಈ ಪ್ರಮಾಣಪತ್ರಗಳು ಕೈಯಲ್ಲಿರಬೇಕು.