ಒಟಿಪಿ ಬರದೆ ಅಪ್ಪನ ಖಾತೆಯಿಂದ ಹಣ ಹೋಗಿದ್ದಕ್ಕೆ

ಸೋಮವಾರಪೇಟೆಯಲ್ಲಿರುವ ನಿಮ್ಮ ತಂದೆಗೆ ಒಟಿಪಿ ಬಂದೇ ಇಲ್ಲ, ಆದರೂ ಹಣ ಹೋಗಿದೆ, ಮೆಸೇಜಿನಲ್ಲಿ ಎಇಪಿಎಸ್ (ಆಧಾರ್ ಮೂಲಕ ಬ್ಯಾಂಕ್ ಹಣ ತೆಗೆಯುವ ವ್ಯವಸ್ಥೆ) ಅಂತಿದೆ ಅಂದಿರಿ. ಹಾಗಾದರೆ ಇದು ಬಹುಶಃ ಆಧಾರ್ ಬೆರಳಚ್ಚಿನ ದುರ್ಬಳಕೆ. ಈ ದಾರಿಯಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಬೆರಳಚ್ಚು ಎಲ್ಲಿಂದ ಸೋರಿತು ಅಂತ ಇಲ್ಲಿ ಕೂತು ಹೇಳೋಕಾಗಲ್ಲ. ಅದನ್ನು ಹುಡುಕುತ್ತಾ ಕೂರಬೇಡಿ.

ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಮುಂದಿನ ಕೆಲಸ ಬಯೋಮೆಟ್ರಿಕ್ ಲಾಕ್, ಅಂದರೆ ಆಧಾರ್‌ನಲ್ಲಿ ಬೆರಳಚ್ಚು ನಡೆಯದಂತೆ ಬೀಗ ಹಾಕುವುದು. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಮಾಡಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಮಳೆಗೆ ತೋಟದಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಗೆ ಬಂದಾದರೂ ಇವತ್ತೇ ಮುಗಿಸಿ. ಲಾಕ್ ಆಗದಿದ್ದರೆ ಕಳ್ಳರು ಮತ್ತೆ ತೆಗೆಯಬಹುದು. ಒಂದು ತೊಂದರೆ ಇದೆ: ಲಾಕ್ ಇದ್ದಾಗ ರೇಷನ್ ಅಂಗಡಿಯಲ್ಲೂ ಬೆರಳಚ್ಚು ಹಿಡಿಯುವುದಿಲ್ಲ. ಆಗ ಸ್ವಲ್ಪ ಹೊತ್ತು ತೆರೆದುಕೊಂಡರೆ ಆಯಿತು. ಯುಐಡಿಎಐ ವೆಬ್‌ಸೈಟಿನಲ್ಲೇ ಆಧಾರ್ ಬಳಕೆಯ ಇತಿಹಾಸವೂ ಸಿಗುತ್ತದೆ. ಹಣ ಹೋದ ದಿನದ ದಾಖಲೆ ಇಳಿಸಿಕೊಳ್ಳಿ, ದೂರಿಗೆ ಅದೇ ಒಳ್ಳೆ ಸಾಕ್ಷಿ.

ಆಮೇಲೆ ಬ್ಯಾಂಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ಹಣ ತೆಗೆದಿದ್ದರೆ, ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವಂತಿಲ್ಲ ಎಂದು ಆರ್‌ಬಿಐ 2017ರ ಸುತ್ತೋಲೆಯಲ್ಲಿ ಹೇಳಿತ್ತು. ದೂರಿನಲ್ಲಿ ಇದನ್ನೂ ಬರೆಯಿರಿ. ಆ ಖಾತೆಗೆ ಎಇಪಿಎಸ್ ನಿಲ್ಲಿಸಿ ಅಂತಲೂ ಕೇಳಿ. ಹಣ ಎಷ್ಟು ಬೇಗ ವಾಪಸ್ ಬರುತ್ತದೆ ಅನ್ನುವುದು ಬ್ಯಾಂಕಿನ ತನಿಖೆ ಮೇಲಿದೆ. ಆದರೆ 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.