ವಿಮಾನ ನಿಲ್ದಾಣದಲ್ಲಿ ಇಂಟರ್ನ್‌ಗೆ ಏನು ಕೆಲಸ?

ಓದುಗರ ಪ್ರಶ್ನೆಗಳಿಗೆ ಈ ಸಲ ಉತ್ತರಿಸುತ್ತಿರುವವರು ಬೆಂಗಳೂರು ವಿಮಾನ ನಿಲ್ದಾಣದ ಒಂದು ಗ್ರೌಂಡ್ ಹ್ಯಾಂಡ್ಲಿಂಗ್ ಸಂಸ್ಥೆಯ, ಅಂದರೆ ಏರ್‌ಲೈನ್‌ಗಳ ಪರವಾಗಿ ಪ್ರಯಾಣಿಕರ ಮತ್ತು ಬ್ಯಾಗುಗಳ ನೆಲದ ಮೇಲಿನ ಕೆಲಸ ನೋಡಿಕೊಳ್ಳುವ ಸಂಸ್ಥೆಯ, ಡ್ಯೂಟಿ ಮ್ಯಾನೇಜರ್. ಕೋಲಾರದ ಕಡೆಯವರು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ನಿಲ್ದಾಣ ಶುರುವಾದಾಗಿನಿಂದ ಅಲ್ಲೇ ಇದ್ದಾರೆ. ಹೊಸದಾಗಿ ಬರುವ ಇಂಟರ್ನ್‌ಗಳನ್ನು ಕೆಲಸಕ್ಕೆ ಹಚ್ಚುವುದು ಅವರ ಹೊಣೆ.

ಪ್ರಶ್ನೆ: ಮಗಳು ಬಿ.ಬಿ.ಎ. ಏವಿಯೇಷನ್ ಓದುತ್ತಿದ್ದಾಳೆ. ಬೆಂಗಳೂರು ಏರ್‌ಪೋರ್ಟ್‌ನಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ. ಬೆಳಗಿನ ಜಾವ 4 ಗಂಟೆಗೆ ಡ್ಯೂಟಿ ಅಂತೆ. ದಿನವಿಡೀ ಏನು ಮಾಡಿಸುತ್ತಾರೆ? ಸುಮ್ನೆ ನಿಲ್ಲಿಸಿ ಕಳಿಸುತ್ತಾರೆ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ನಿಮ್ಮ ಪಕ್ಕದ ಮನೆಯವರ ಮಾತು ಅರ್ಧ ನಿಜ. ನಿಲ್ಲಿಸುತ್ತೇವೆ. ಎಂಟು ಗಂಟೆಯ ಡ್ಯೂಟಿಯಲ್ಲಿ ಕೂರುವುದಕ್ಕೆ ಸಿಗುವುದು ಊಟದ ಹೊತ್ತಿನಲ್ಲಿ ಮಾತ್ರ ಅಂದುಕೊಳ್ಳಿ. ಅದಕ್ಕೇ ಮೊದಲ ಸಲಹೆ: ಹೊಸ ಕಪ್ಪು ಶೂ ಕೊಂಡರೆ ಒಂದು ವಾರ ಮನೆಯಲ್ಲೇ ಹಾಕಿಕೊಂಡು ಓಡಾಡಲಿ. ಮೊದಲ ದಿನವೇ ಹಿಮ್ಮಡಿ ಕಿತ್ತುಕೊಂಡು ಕುಂಟುವ ಮಕ್ಕಳನ್ನು ಪ್ರತಿ ಬ್ಯಾಚ್‌ನಲ್ಲೂ ನೋಡುತ್ತೇನೆ.

4 ಗಂಟೆಗೆ ಬ್ರೀಫಿಂಗ್. ಇವತ್ತು ಯಾವ ಫ್ಲೈಟ್ ಫುಲ್, ಯಾವುದರ ಗೇಟ್ ಬದಲಾಗಿದೆ, ಎಷ್ಟು ವೀಲ್‌ಚೇರ್ ಬುಕ್ ಆಗಿವೆ, ಇಷ್ಟು ಹೇಳಿ ಕಳಿಸುತ್ತೇವೆ. ಹೊಸಬರನ್ನು ಮೊದಲು ಹಾಕುವುದು ಪ್ರಯಾಣಿಕರೇ ಬೋರ್ಡಿಂಗ್ ಪಾಸ್ ತೆಗೆದುಕೊಳ್ಳುವ ಯಂತ್ರದ (ಕಿಯೋಸ್ಕ್) ಹತ್ತಿರ, ದೊಡ್ಡ ಬ್ಯಾಗ್ ಒಪ್ಪಿಸುವ ಬ್ಯಾಗ್ ಡ್ರಾಪ್ ಸಾಲಿನ ಹತ್ತಿರ. ಬೋರ್ಡಿಂಗ್ ಪಾಸ್ ಪ್ರಿಂಟ್ ಆಗಲಿಲ್ಲ, ಬ್ಯಾಗ್ ತೂಕ ಜಾಸ್ತಿ ಬಂತು, ಪವರ್ ಬ್ಯಾಂಕ್ ಒಳಗೇ ಉಳಿದಿದೆ. ಬೆಳಗಿನ ರಷ್‌ನಲ್ಲಿ ಇವೇ ಮೂರು ಗೋಳು ಮತ್ತೆ ಮತ್ತೆ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಬೇಕು. ಕೊಡುವ ಸೂಟ್‌ಕೇಸ್‌ನೊಳಗೆ ಇರಕೂಡದು. ಎಷ್ಟು ಬೋರ್ಡ್ ಹಾಕಿದರೂ ಸಾಲಿನ ಪಕ್ಕ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಮಡಚಿದ ಬಟ್ಟೆಯನ್ನೆಲ್ಲ ಹರವಿ ಹುಡುಕುವವರು ತಪ್ಪುವುದಿಲ್ಲ.

ಆಮೇಲೆ ವೀಲ್‌ಚೇರ್. ಇದನ್ನು ಮಕ್ಕಳು ಕೀಳು ಕೆಲಸ ಅಂದುಕೊಳ್ಳುತ್ತಾರೆ. ನನ್ನ ಕೇಳಿದರೆ ಹೆಚ್ಚು ಕಲಿಯುವುದು ಅಲ್ಲೇ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಂದಿರು ಬರುತ್ತಾರಲ್ಲ, ಅವರಲ್ಲಿ ಎಷ್ಟೋ ಜನಕ್ಕೆ ಕಾಲು ಗಟ್ಟಿಯಾಗೇ ಇರುತ್ತದೆ. ದೋಹಾದಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ವಿಮಾನ ಬದಲಿಸಬೇಕಾದಾಗ ದಾರಿ ತೋರಿಸಲು ಒಬ್ಬರು ಇರಲಿ ಅಂತ ಮಗಳು ಅಲ್ಲಿಂದಲೇ ಬುಕ್ ಮಾಡಿರುತ್ತಾಳೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್. ಅದರಲ್ಲಿ ಪಾಸ್‌ಪೋರ್ಟ್, ಮಗಳ ವಿಳಾಸ, ಅಲ್ಲಿನ ಅಧಿಕಾರಿ ಏನು ಕೇಳಿದರೆ ಏನು ಹೇಳಬೇಕು ಅಂತ ಕನ್ನಡದಲ್ಲಿ ಬರೆದ ಚೀಟಿ. ಇಂಟರ್ನ್ ಹುಡುಗಿ ‘ಅಮ್ಮಾ, ನಿಮ್ಮ ಬ್ಯಾಗು ಸೀದಾ ಅಲ್ಲಿಗೇ ಬರುತ್ತೆ, ನಡುವೆ ತಗೋಬೇಕಾಗಿಲ್ಲ’ ಅಂದರೆ ಸಾಕು, ಅವರಿಗೆ ಅರ್ಧ ಪ್ರಯಾಣ ಮುಗಿದ ಹಾಗೆ. ಆದರೆ ಹೇಳುವ ಮುಂಚೆ ಟ್ಯಾಗ್ ಮೇಲೆ ಕೊನೆಯ ಊರಿನ ಕೋಡ್ ಬಂದಿದೆಯಾ ಅಂತ ನೋಡಿರಬೇಕು. ಸುಮ್ನೆ ಧೈರ್ಯ ಹೇಳಿ ಕಳಿಸುವಂತಿಲ್ಲ. ಅಮೆರಿಕದಲ್ಲಿ ಇಳಿದ ಮೇಲೆ ಮುಂದೆ ಇನ್ನೊಂದು ವಿಮಾನ ಇದ್ದರಂತೂ, ಇಳಿದ ಮೊದಲ ಊರಿನಲ್ಲಿ ಸಾಮಾನ್ಯವಾಗಿ ಬ್ಯಾಗ್ ತಾವೇ ತೆಗೆದುಕೊಂಡು ಮತ್ತೆ ಕೊಡಬೇಕು. ಅದನ್ನೂ ಹೇಳಬೇಕು.

ನಿಮ್ಮ ಮಗಳಿಗೆ ಒಂದು ಕಿವಿಮಾತು ಹೇಳಿ. ಎಲ್ಲಿ ಹಾಕಿದರೂ ಮಾಡಲಿ. ಆದರೆ ದಿನಕ್ಕೆ ಒಂದು ಫ್ಲೈಟ್‌ನ ಕೊನೆಯ ಮುಕ್ಕಾಲು ಗಂಟೆ ಗೇಟ್‌ನಲ್ಲಿ ನಿಲ್ಲಲು ಬಿಡಿ ಅಂತ ಸೂಪರ್‌ವೈಸರ್‌ನ ಕೇಳಿಕೊಳ್ಳಲಿ. ಈ ಕೆಲಸದ ತಿರುಳು ಇರುವುದು ಅಲ್ಲಿ. ಮದುವೆ ಮನೆಯಲ್ಲಿ ಮುಹೂರ್ತದಿಂದ ಹಿಂದಕ್ಕೆ ಎಣಿಸಿ ಕೆಲಸ ಹಂಚಿಕೊಳ್ಳುತ್ತಾರಲ್ಲ, ಇಲ್ಲೂ ಹಾಗೇ. 7:10ಕ್ಕೆ ದೇಶದೊಳಗಿನ ಫ್ಲೈಟ್ ಇದೆ ಅನ್ನಿ. 6:10ಕ್ಕೆ ಕೌಂಟರ್ ಮುಚ್ಚುತ್ತೆ. 6:45ಕ್ಕೆ ಗೇಟ್. 6:40ಕ್ಕೆ ಲೆಕ್ಕ ನೋಡಿದರೆ ಇಬ್ಬರು ಬಂದಿಲ್ಲ. ಆಗ ಓಡುವುದು ಇಂಟರ್ನ್. ದೋಸೆ ಕೌಂಟರ್, ಕಾಫಿ ಅಂಗಡಿ, ಪುಸ್ತಕದ ಅಂಗಡಿ, ಪಕ್ಕದ ಗೇಟುಗಳು. ಹೆಸರು ಕೂಗುತ್ತಾ ಓಡಬೇಕು. ಒಬ್ಬರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೇರೆ ಗೇಟ್ ಮುಂದೆ ನಿದ್ದೆ ಹೊಡೆಯುತ್ತಿರುತ್ತಾರೆ. ಇನ್ನೊಬ್ಬರು ಸಿಗುವುದೇ ಇಲ್ಲ.

ಸಿಗದವರ ಬ್ಯಾಗ್ ವಿಮಾನದಲ್ಲಿದ್ದರೆ ಅದನ್ನು ಇಳಿಸಲೇಬೇಕು. ಆಳಿಲ್ಲದ ಬ್ಯಾಗ್ ಹಾರುವಂತಿಲ್ಲ. ಟ್ಯಾಗ್ ಮೇಲೆ ಹತ್ತು ಅಂಕಿ ಇರುತ್ತದೆ. ಗೇಟ್‌ನಿಂದ ವಾಕಿಟಾಕಿಯಲ್ಲಿ ಕೊನೆಯ ಆರು ಅಂಕಿ ಓದುತ್ತೇವೆ. ಕೆಳಗೆ ವಿಮಾನದ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲಲೂ ಜಾಗ ಇರುವುದಿಲ್ಲ. ಲೋಡರ್ ಮಂಡಿಯೂರಿ, ಒಂದರ ಮೇಲೊಂದು ಜೋಡಿಸಿದ ಬ್ಯಾಗ್‌ಗಳ ನಡುವೆ ಟಾರ್ಚ್ ಹಿಡಿದು ಆ ಒಂದೇ ನಂಬರ್ ಹುಡುಕುತ್ತಾನೆ. ಮೇಲೆ ಸೀಟಿನಲ್ಲಿ ಕೂತವರು ‘ಇನ್ನೂ ಯಾಕೆ ಹೊರಟಿಲ್ಲ’ ಅಂತ ಗೊಣಗುತ್ತಿರುತ್ತಾರೆ. ಈ ಎರಡನ್ನೂ ಒಟ್ಟಿಗೆ ಒಂದು ಸಲ ನೋಡಿದ ಇಂಟರ್ನ್ ಆಮೇಲೆ ಕೌಂಟರ್‌ನಲ್ಲಿ ಟ್ಯಾಗ್ ಅಂಟಿಸುವಾಗ ಯಾವತ್ತೂ ಅಡ್ಡಾದಿಡ್ಡಿ ಅಂಟಿಸುವುದಿಲ್ಲ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಮಾತಾಡುವಾಗ ತಡವರಿಸುತ್ತೇನೆ. ಏರ್‌ಪೋರ್ಟ್‌ನಲ್ಲಿ ನಗುತ್ತಾರಾ? ಮತ್ತೆ, ವಿಮಾನದ ಹತ್ತಿರ ಬಿಡುತ್ತಾರಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಗುವಷ್ಟು ಪುರುಸೊತ್ತು ಯಾರಿಗೂ ಇಲ್ಲಪ್ಪ. ಅಲ್ಲಿ ಬೇಕಾಗುವ ಇಂಗ್ಲಿಷ್ ತುಂಬಾ ಇಲ್ಲ. ದಿನವೂ ಅವೇ ವಾಕ್ಯ. ಆಲ್ಫಾ, ಬ್ರಾವೊ, ಚಾರ್ಲಿ ಅಂತ ಅಕ್ಷರ ಹೇಳುವ ಕ್ರಮವನ್ನು ಮಾತ್ರ ಬಾಯಿಪಾಠ ಮಾಡಿಕೊಂಡು ಬಾ. ಆರು ಅಕ್ಷರದ ಪಿ.ಎನ್.ಆರ್., ಅಂದರೆ ಟಿಕೆಟ್ ಬುಕಿಂಗ್ ಕೋಡ್ ಅನ್ನು ಗಲಾಟೆಯಲ್ಲಿ ವಾಕಿಟಾಕಿಗೆ ಹೇಳುವಾಗ ಬಿ, ಡಿ, ಪಿ ಎಲ್ಲ ಒಂದೇ ಥರ ಕೇಳುತ್ತವೆ. ಕಾನ್ವೆಂಟ್‌ನಲ್ಲಿ ಓದಿದವರೂ ಅಲ್ಲಿ ತಡವರಿಸುತ್ತಾರೆ. ಹಿಂದಿ ಸ್ವಲ್ಪ ಬಂದರೆ ಒಳ್ಳೆಯದು. ಕನ್ನಡ ಮಾತ್ರ ಬಿಡಬೇಡ. ಮೊದಲ ಸಲ ವಿಮಾನ ಹತ್ತುವ ಹಾವೇರಿ, ರಾಯಚೂರಿನವರು ನಿನ್ನನ್ನೇ ಹುಡುಕಿಕೊಂಡು ಬರುತ್ತಾರೆ.

ವಿಮಾನದ ಹತ್ತಿರ ಒಬ್ಬನನ್ನೇ ಬಿಡುವುದಿಲ್ಲ. ಹೊಳೆಯುವ ಜಾಕೆಟ್ ಹಾಕಿಸಿ, ಜೊತೆಗೆ ಒಬ್ಬರು ಇದ್ದಾಗ ಮಾತ್ರ. ಮೊಬೈಲ್ ಜೇಬಿನಲ್ಲೇ ಇರಲಿ. ರೀಲ್ಸ್ ಮಾಡಲು ಹೋಗಿ ಪಾಸ್ ಕಳೆದುಕೊಂಡವರಿದ್ದಾರೆ. ಅಲ್ಲಿ ನೆಲ ನೋಡಿಕೊಂಡು ನಡೆಯುವುದೂ ಒಂದು ಕೆಲಸ. ಕಿತ್ತುಬಂದ ಸೂಟ್‌ಕೇಸ್ ಚಕ್ರ, ಜಿಪ್ಪಿನ ತುಂಡು, ಬೆಲ್ಟಿನ ಬಕಲ್ ಏನೇ ಬಿದ್ದಿದ್ದರೂ ಎತ್ತಿ ಡಬ್ಬಿಗೆ ಹಾಕಬೇಕು. ಎಂಜಿನ್ ಅದನ್ನು ಒಳಗೆ ಎಳೆದುಕೊಂಡರೆ ಕೆಟ್ಟಿತು. ಇದು ಅತಿಯಾಯಿತು ಅನಿಸಿದರೆ 2000ದ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಆದದ್ದನ್ನು ಓದು. ಮುಂಚೆ ಹಾರಿದ ಬೇರೆ ವಿಮಾನದಿಂದ ಒಂದು ಲೋಹದ ಪಟ್ಟಿ ರನ್‌ವೇ ಮೇಲೆ ಬಿದ್ದಿತ್ತು. ಅದರ ಮೇಲೆ ಹಾದ ಕಾಂಕಾರ್ಡ್ ವಿಮಾನದ ಟೈರ್ ಸಿಡಿದು, ಇಂಧನದ ಟ್ಯಾಂಕ್ ಒಡೆದು ಬೆಂಕಿ ಹತ್ತಿತು. ನೆಲದ ಮೇಲಿದ್ದವರೂ ಸೇರಿ 113 ಜನ ಸತ್ತರು.

ಪ್ರಶ್ನೆ: ಮಗನಿಗೆ ಅಂತ ಎರಡು ಕೆ.ಜಿ. ಕೊಬ್ಬರಿ ತೆಗೆದುಕೊಂಡು ಹೋಗಿದ್ದೆ. ಯಾವ ನಿಲ್ದಾಣ ಅಂತ ಹೇಳುವುದಿಲ್ಲ, ಅಲ್ಲೊಬ್ಬ ಚಿಕ್ಕ ಹುಡುಗಿ, ಇಂಟರ್ನ್ ಅಂತ ಬ್ಯಾಡ್ಜ್ ಇತ್ತು, ಸೂಟ್‌ಕೇಸ್‌ನಿಂದ ಅದನ್ನು ತೆಗೆಸಿದಳು. ಕೊಬ್ಬರಿ ಏನು ಬಾಂಬಾ?
— ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ತಿಪಟೂರಿನವರಿಗೆ ಕೊಬ್ಬರಿ ವಿಷಯ ಹೇಳುವ ಧೈರ್ಯ ನನಗಿಲ್ಲ ಮೇಷ್ಟ್ರೇ, ಆದರೂ ಹೇಳುತ್ತೇನೆ. ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಸರಿಯಾಗಿ ಒಣಗದ ಕೊಬ್ಬರಿಯನ್ನು ಒತ್ತಿ ತುಂಬಿಟ್ಟರೆ ಚೀಲದೊಳಗೇ ಬಿಸಿಯಾಗುತ್ತದೆ. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆ ಕೊಟ್ಟಿರುವ ನಂಬರ್‌ಗಳಲ್ಲಿ 1363 ಕೊಬ್ಬರಿಯದು. ತಾನಾಗಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಗುಂಪಿಗೆ ಅದನ್ನು ಸೇರಿಸಿದ್ದಾರೆ. ಎರಡು ಕೆ.ಜಿ. ಕೊಬ್ಬರಿ ಹೊತ್ತಿಕೊಳ್ಳುತ್ತಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹಾರುವಾಗ ವಿಮಾನದ ಹೊಟ್ಟೆಯೊಳಗೆ ಹೋಗಿ ನೋಡಲು ಯಾರಿಗೂ ಆಗುವುದಿಲ್ಲ. ಹಾಗಾಗಿ ತೂಕ ನೋಡಿ ರಿಯಾಯಿತಿ ಕೊಡುವ ಪದ್ಧತಿ ಇಲ್ಲ. ಆ ಹುಡುಗಿ ಮಾಡಿದ್ದು ಸರಿ. ನೀವು ಅವಳ ಮೇಲೆ ರೇಗಿಲ್ಲ ಅಂದುಕೊಂಡಿದ್ದೇನೆ.

ಅಂದ ಹಾಗೆ, ಮೆಣಸಿನಕಾಯಿ ಉಪ್ಪಿನಕಾಯಿಯನ್ನು ಕೈಬ್ಯಾಗಿನಲ್ಲಿ ಬಿಡುವುದಿಲ್ಲ. ಚೆನ್ನಾಗಿ ಪ್ಯಾಕ್ ಮಾಡಿ ಸೂಟ್‌ಕೇಸ್‌ಗೆ ಹಾಕಿ.

ಪ್ರಶ್ನೆ: ಸಂಜೆ ಮಂಗಳೂರಿನಲ್ಲಿ ಮಳೆ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಫ್ಲೈಟ್ ಒಂದೂವರೆ ಗಂಟೆ ತಡ. ಕೇಳಿದರೆ ಸಿಬ್ಬಂದಿ ‘ಆಪರೇಷನಲ್ ರೀಸನ್’ ಅನ್ನುತ್ತಾರೆ. ನಿಜ ಹೇಳಲು ಏನು ಕಷ್ಟ?
— ವ್ಯಾಪಾರಿ, ಮಂಗಳೂರು

ಉತ್ತರ: ನನಗೂ ಆ ಮಾತು ಕಂಡರೆ ಆಗುವುದಿಲ್ಲ. ತಡವಾದ ಪ್ರತಿ ಫ್ಲೈಟ್‌ಗೂ ಎರಡಂಕಿಯ ಒಂದು ಕೋಡ್ ಬರೆಯುತ್ತೇವೆ. ನಿಮ್ಮದು ಬಹುಶಃ 93 ಇರಬೇಕು. ಅಂದರೆ ಆ ವಿಮಾನ ಹಿಂದಿನ ಊರಿನಿಂದಲೇ ತಡವಾಗಿ ಬಂದಿದೆ. ಒಂದೇ ವಿಮಾನ ಬೆಳಗಿನಿಂದ ರಾತ್ರಿವರೆಗೆ ಊರೂರು ಸುತ್ತುತ್ತದೆ. ಇಳಿದ ಮೇಲೆ ಮತ್ತೆ ಹೊರಡಲು ಅದಕ್ಕೆ ಕೊಡುವ ಸಮಯ ಅರ್ಧ ಗಂಟೆ, ಮುಕ್ಕಾಲು ಗಂಟೆ. ಬೆಳಿಗ್ಗೆ ದೆಹಲಿಯ ಮಂಜಿನಲ್ಲಿ ಕಳೆದುಕೊಂಡ ಹೊತ್ತು ಸಂಜೆ ನಿಮ್ಮ ತಲೆಗೆ ಬರುತ್ತದೆ. ನಮ್ಮಲ್ಲೂ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಮಂಜು ಕವಿದರೆ ಕೆಲವು ವಿಮಾನ ಚೆನ್ನೈಗೋ ಹೈದರಾಬಾದಿಗೋ ಹೋಗಿ ಇಳಿಯುತ್ತವೆ. ನನ್ನ ಇಂಟರ್ನ್‌ಗಳಿಗೆ ಹೇಳಿದ್ದೇನೆ: ‘ಆಪರೇಷನಲ್’ ಅನ್ನಬೇಡಿ, ವಿಮಾನ ಈಗ ಎಲ್ಲಿದೆ ಅಂತ ಹೇಳಿ. ‘ಇನ್ನೂ ಪುಣೆ ಬಿಟ್ಟಿಲ್ಲ ಸಾರ್’ ಅಂದರೆ ಜನ ಬೈಯುತ್ತಾರೆ, ಆದರೆ ಹೋಗಿ ಊಟ ಮಾಡಿ ಬರುತ್ತಾರೆ.

ಪ್ರಶ್ನೆ: ಏಜೆಂಟ್ ಒಬ್ಬರು ಏರ್‌ಪೋರ್ಟ್ ಇಂಟರ್ನ್‌ಶಿಪ್ ಮತ್ತು ಪಾಸ್ ಎರಡನ್ನೂ ಕೊಡಿಸುತ್ತಾರಂತೆ. ಮುಂಗಡ ಕೇಳುತ್ತಿದ್ದಾರೆ. ಕೊಡಬಹುದಾ?
— ಯುವಕ, ಹಾವೇರಿ

ಉತ್ತರ: ಬೇಡ. ಒಂದು ರೂಪಾಯಿಯನ್ನೂ ಕೊಡಬೇಡ. ಏರ್‌ಪೋರ್ಟ್ ಪಾಸ್ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಅಂತ ಕೇಂದ್ರ ಸರ್ಕಾರದ ಇಲಾಖೆ ಇದೆ. ಪಾಸ್ ಕೊಡುವುದು ಅದರ ನಿಯಮದ ಪ್ರಕಾರ. ಅರ್ಜಿ ಹಾಕುವುದು ಒಳಗೆ ಕೆಲಸ ಮಾಡುವ ಸಂಸ್ಥೆ, ನೀನಲ್ಲ, ಏಜೆಂಟನೂ ಅಲ್ಲ. ಹಿನ್ನೆಲೆ ಪರಿಶೀಲನೆ ಆಗುತ್ತದೆ. ಯಾವ ಜಾಗಕ್ಕೆ ಹೋಗಬಹುದು ಅಂತ ಪಾಸ್ ಮೇಲೇ ಇರುತ್ತದೆ. ಅದು ಬಿಟ್ಟು ಬೇರೆ ಕಡೆ ಹೋದರೆ ಬಾಗಿಲಲ್ಲೇ ಸಿ.ಐ.ಎಸ್.ಎಫ್.ನವರು ತಡೆಯುತ್ತಾರೆ. ವಾಟ್ಸಾಪ್‌ನಲ್ಲಿ ಬಂದ ಆಫರ್ ಲೆಟರ್ ಮೇಲೆ ಏರ್‌ಲೈನ್ ಲೋಗೊ ಇದ್ದ ಮಾತ್ರಕ್ಕೆ ನಂಬಬೇಡ. ಆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ನೀನೇ ಫೋನ್ ಮಾಡಿ ಕೇಳು. ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಿಂದ ಹೋಗುವುದು ಸುರಕ್ಷಿತ. ಈಗಾಗಲೇ ಹಣ ಕೊಟ್ಟಿದ್ದರೆ ನಾಚಿಕೆಪಟ್ಟು ಕೂರಬೇಡ, 1930ಕ್ಕೆ ಕರೆ ಮಾಡು. ಅದು ಆನ್‌ಲೈನ್ ಹಣದ ವಂಚನೆಗೆ ಇರುವ ಸಹಾಯವಾಣಿ. ತಡ ಮಾಡಿದಷ್ಟೂ ಹಣ ಕೈತಪ್ಪುತ್ತದೆ.

ಪ್ರಶ್ನೆ: ಬೆಳಿಗ್ಗೆ 4ರ ಡ್ಯೂಟಿಗೆ ಮೆಜೆಸ್ಟಿಕ್‌ನಿಂದ ಹೋಗುವುದು ಹೇಗೆ? ಕ್ಯಾಬ್‌ಗೆ ಕೊಡುವಷ್ಟು ಸ್ಟೈಪೆಂಡ್ ಇಲ್ಲ.
— ಇಂಟರ್ನ್, ಬೆಂಗಳೂರು

ಉತ್ತರ: ಬಿ.ಎಂ.ಟಿ.ಸಿ.ಯ ವಾಯು ವಜ್ರ ಬಸ್ ಹಿಡಿ. ಮೆಜೆಸ್ಟಿಕ್‌ನಿಂದ ಕೆ.ಐ.ಎ. 9, ರಾತ್ರಿಯೂ ಓಡುತ್ತದೆ. ಏರ್‌ಪೋರ್ಟ್ ಹತ್ತಿರ ರೈಲ್ವೆ ಹಾಲ್ಟ್ ಇದೆ, ಆದರೆ ರೈಲುಗಳು ಕಡಿಮೆ. ಆ ಹೊತ್ತಿನ ಶಿಫ್ಟ್‌ಗೆ ನೆಚ್ಚಿಕೊಳ್ಳುವಂತಿಲ್ಲ. ಹೆಣ್ಣುಮಕ್ಕಳಾದರೆ ರಾತ್ರಿ ಶಿಫ್ಟ್‌ಗೆ ಕಂಪನಿ ಪಿಕಪ್ ಇದೆಯಾ ಅಂತ ಸೇರುವ ಮುಂಚೆಯೇ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಟರ್ಮಿನಲ್ 1, 2ರಲ್ಲಿ ಯಾವುದು ಅಂತ ಹಿಂದಿನ ರಾತ್ರಿಯೇ ರೋಸ್ಟರ್ ನೋಡಿಕೊಂಡು ಮಲಗಿ.