ಬದುಕಿರುವವರ ಪ್ರತಿರೂಪ ಕಂಡರೆ ಅವರಿಗೆ ಸಾವು ಹತ್ತಿರ ಎನ್ನುವುದು ನಿಜವೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಂಜೆ ಐದೂವರೆಗೆ ನೀವು ಕಚೇರಿಯಲ್ಲಿದ್ದೀರಿ. ಅದೇ ಹೊತ್ತಿಗೆ ನಿಮ್ಮ ತಂಗಿ ನಿಮ್ಮನ್ನು ಮನೆಯ ತಾರಸಿಯ ಮೇಲೆ ಕಂಡಳು, ಕೂಗಿದಳು, ನೀವು ತಿರುಗಲಿಲ್ಲ. ಮೇಲೆ ಹೋಗಿ ನೋಡಿದರೆ ಒಣಗಲು ಹಾಕಿದ ಬಟ್ಟೆ ಬಿಟ್ಟು ಬೇರೇನೂ ಇಲ್ಲ. ಆಮೇಲೆ ಯಾರೋ ‘ಅದು ಡಾಪಲ್‌ಗ್ಯಾಂಗರ್, ಕಂಡರೆ ವರ್ಷದೊಳಗೆ ಸಾವು’ ಎಂದು ಹೇಳಿ ಮನೆಮಂದಿಯ ನಿದ್ದೆ ಕೆಡಿಸಿದ್ದಾರೆ. ಇಲ್ಲ, ಅದರಿಂದ ಯಾರೂ ಸಾಯುವುದಿಲ್ಲ. ಇಷ್ಟು ಸಾಕೆನಿಸಿದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಈ ನಂಬಿಕೆಯ ಹಿಂದಿನ ಕಥೆಗಳು ಆ ಹೆದರಿಕೆಗಿಂತ ಬಹಳ ಚೆನ್ನಾಗಿವೆ.

ಮೊದಲು ‘ಡಾಪಲ್‌ಗ್ಯಾಂಗರ್’ ಎಂಬ ಆ ಪದ. 1796ರಲ್ಲಿ ಝಾನ್ ಪೌಲ್ ಎಂಬ ಜರ್ಮನ್ ಲೇಖಕ ತನ್ನ ಕಾದಂಬರಿಯೊಂದರಲ್ಲಿ ಅದನ್ನು ಬಳಸಿ, ಅಡಿಟಿಪ್ಪಣಿಯಲ್ಲಿ ಅರ್ಥವನ್ನೂ ಕೊಟ್ಟ: ತಮ್ಮನ್ನು ತಾವೇ ಕಾಣುವ ಜನರಿಗೆ ಹೀಗೆನ್ನುತ್ತಾರೆ. ಅಂದರೆ ಅದು ಕಂಡ ಆಕೃತಿಗೆ ಇಟ್ಟ ಹೆಸರಲ್ಲ, ಕಂಡವನಿಗೆ ಇಟ್ಟ ಹೆಸರು! ಆಕೃತಿಗೆ ಅದು ಅಂಟಿಕೊಂಡದ್ದು ಆಮೇಲೆ. ಆ ಲೆಕ್ಕದಲ್ಲಿ ತಂಗಿ ಅಣ್ಣನನ್ನು ಕಂಡದ್ದಕ್ಕೆ ಆ ಪದ ಹೊಂದುವುದೇ ಇಲ್ಲ.

ನಿಮ್ಮ ಮನೆಯ ಘಟನೆಗೆ ಹತ್ತಿರವಾದದ್ದು ಸ್ಕಾಟ್ಲೆಂಡಿನಲ್ಲಿದೆ. ಅಬರ್‌ಫಾಯಿಲ್ ಎಂಬ ಊರಿನ ಪಾದ್ರಿ ರಾಬರ್ಟ್ ಕರ್ಕ್ 1691ರ ಹೊತ್ತಿಗೆ ಅಲ್ಲಿನ ಬೆಟ್ಟಸೀಮೆಯ ಜನರ ನಂಬಿಕೆಗಳನ್ನು ಬರೆದಿಟ್ಟ. ಪ್ರತಿಯೊಬ್ಬ ಮನುಷ್ಯನಿಗೂ ಅವಳಿಯಂಥ ಒಬ್ಬ ಜೊತೆಗಾರ ಇರುತ್ತಾನೆ, ನೆರಳಿನಂತೆ ಹಿಂಬಾಲಿಸುತ್ತಾನೆ, ವಿಶೇಷ ದೃಷ್ಟಿ ಇದ್ದವರಿಗೆ ಮಾತ್ರ ಕಾಣುತ್ತಾನೆ ಎಂಬುದು ಅವರ ನಂಬಿಕೆ. ಆ ಜೊತೆಗಾರ ಯಾರದಾದರೂ ಮನೆಯೊಳಗೆ ಹೋದದ್ದು ಕಂಡರೆ ಆ ಮನೆಯವರು ಏನು ತಿಳಿಯುತ್ತಿದ್ದರು ಗೊತ್ತೇ? ನಾಲ್ಕಾರು ದಿನದಲ್ಲಿ ಆ ಮನುಷ್ಯ ನಮ್ಮ ಮನೆಗೆ ಬರುತ್ತಾನೆ, ಅಷ್ಟೇ. ನೆಂಟರು ಬರುತ್ತಾರೆಂದು ಕಾಗೆ ಕೂಗಿ ಹೇಳುವುದಿಲ್ಲವೇ, ಹಾಗೆ.

ನಾರ್ವೆಯಲ್ಲಿ ಇದು ಇನ್ನೂ ಮನೆವಾರ್ತೆಯ ವಿಷಯ. ಅಲ್ಲಿ ಇದಕ್ಕೆ ‘ವಾರ್ಡೋಗರ್’ ಎನ್ನುತ್ತಾರೆ. ಹೆಚ್ಚಾಗಿ ಅದು ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಕೇಳುವುದು. ಮೆಟ್ಟಿಲಿನ ಮೇಲೆ ಬೂಟಿನ ಹಿಮ ಕೊಡವಿದ ಸದ್ದು, ಬೀಗದಲ್ಲಿ ಕೀಲಿಕೈ ತಿರುಗಿದ ಸದ್ದು. ಬಾಗಿಲಿಗೆ ಹೋದರೆ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತಿಗೆ ಅದೇ ಸದ್ದುಗಳು, ಅದೇ ಕ್ರಮದಲ್ಲಿ, ಈ ಸಲ ಯಜಮಾನನನ್ನು ಕರೆದುಕೊಂಡೇ ಬರುತ್ತವೆ. ಯಾರೂ ಹೆದರುವುದಿಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಆ ಪದದ ಬೇರಿನಲ್ಲಿರುವುದು ಕಾವಲು ಮತ್ತು ಮನಸ್ಸು. ಮನಸ್ಸು ದೇಹಕ್ಕಿಂತ ಮುಂಚೆ ಮನೆ ಮುಟ್ಟುತ್ತದೆ ಎಂಬ ಕಲ್ಪನೆ ನನಗೆ ತುಂಬ ಇಷ್ಟ. ಮಾತಾಡಿಕೊಳ್ಳುತ್ತಿದ್ದಾಗಲೇ ಆ ವ್ಯಕ್ತಿ ಬಂದರೆ ನಾವು ‘ನಿನಗೆ ನೂರು ವರ್ಷ ಆಯಸ್ಸು’ ಎನ್ನುತ್ತೇವಲ್ಲ, ಸಾವಿನ ಮಾತು ಅಲ್ಲಿಯೂ ಇಲ್ಲ.

ಸಾವಿನ ಎಳೆ ಇಲ್ಲವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಐರ್ಲೆಂಡಿನಲ್ಲಿ ಇಂಥ ಪ್ರತಿರೂಪಕ್ಕೆ ‘ಫೆಚ್’ ಎಂದು ಹೆಸರು. ಬೆಳಿಗ್ಗೆ ಕಂಡರೆ ದೀರ್ಘಾಯುಷ್ಯ, ಸಂಜೆ ಕಂಡರೆ ಮರಣ. (ನಿಮ್ಮದು ಐದೂವರೆ. ಜೂನ್ ತಿಂಗಳಲ್ಲಿ ಐರ್ಲೆಂಡಿನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಸಂಜೆ ಯಾವುದೆಂದು ಅವರೇ ಹೇಳಬೇಕು.) ಇಂಗ್ಲೆಂಡಿನ ಕೆಲವು ಕಡೆ ಏಪ್ರಿಲ್ 24ರ ರಾತ್ರಿ ಚರ್ಚಿನ ಬಾಗಿಲ ಬಳಿ ಕಾದು ಕುಳಿತರೆ, ಆ ವರ್ಷ ಸಾಯಲಿರುವ ಊರವರ ರೂಪಗಳು ಸಾಲಾಗಿ ಒಳಗೆ ಹೋಗುವುದು ಕಾಣುತ್ತದೆ ಎಂದು ನಂಬಿದ್ದರು.

ಆದರೆ ‘ಕಂಡರೆ ಸಾವು’ ಎನ್ನುವವರು ತಪ್ಪದೆ ಎತ್ತುವ ಹೆಸರು ಕವಿ ಶೆಲ್ಲಿಯದು. 1822ರ ಬೇಸಿಗೆಯಲ್ಲಿ ಅವನು ಇಟಲಿಯ ಸಮುದ್ರತೀರದ ಮನೆಯೊಂದರಲ್ಲಿದ್ದ. ಜುಲೈ 8ರಂದು ದೋಣಿ ಮುಳುಗಿ ಸತ್ತ. ಮುಂದಿನ ತಿಂಗಳು ಅವನ ಹೆಂಡತಿ ಮೇರಿ ಗೆಳತಿಗೆ ಬರೆದ ಪತ್ರದಲ್ಲಿ ಎಲ್ಲವೂ ಇದೆ. ಮನೆಯ ಜಗಲಿಯಲ್ಲಿ ಅವನ ರೂಪವೇ ಅವನಿಗೆ ಎದುರಾಗಿ, ಎಷ್ಟು ಕಾಲ ಹೀಗೆ ತೃಪ್ತನಾಗಿರುತ್ತೀಯೆ ಎಂದು ಕೇಳಿತಂತೆ. ಅದೇ ಮನೆಯಲ್ಲಿದ್ದ ಜೇನ್ ವಿಲಿಯಮ್ಸ್ ಎಂಬಾಕೆಗೆ ಶೆಲ್ಲಿ ಕಿಟಕಿಯ ಮುಂದೆ ಒಂದೇ ದಿಕ್ಕಿಗೆ ಎರಡು ಸಲ ಹಾದುಹೋದದ್ದು ಕಂಡಿತು. ಆ ಕಡೆಯಿಂದ ಮರಳಿ ಬರಲು ಬೇರೆ ದಾರಿಯೇ ಇರಲಿಲ್ಲ. ಗೋಡೆ ಹಾರಿದನೇ ಎಂದು ಗಾಬರಿಯಾದಳು. ಆಗ ಶೆಲ್ಲಿ ದೂರದಲ್ಲೆಲ್ಲೋ ಇದ್ದ. ಓದಿದಾಗ ನನಗೂ ಮೈ ಜುಮ್ಮೆಂದಿತ್ತು.

ಆದರೆ ಪತ್ರ ಅಲ್ಲಿಗೆ ಮುಗಿಯುವುದಿಲ್ಲ. ಅದೇ ದಿನಗಳಲ್ಲಿ ಶೆಲ್ಲಿಗೆ ಕನಸು ಬಿತ್ತು: ಜೇನ್ ಮತ್ತು ಅವಳ ಸಂಗಾತಿ ಎಡ್ವರ್ಡ್ ಇಬ್ಬರೂ ಮೈಯೆಲ್ಲ ರಕ್ತವಾಗಿ ಕೋಣೆಗೆ ಬಂದಿದ್ದಾರೆ. ಎಡ್ವರ್ಡ್ ಶೆಲ್ಲಿಯ ಜೊತೆ ಅದೇ ದೋಣಿಯಲ್ಲಿ ಸತ್ತ. ಜೇನ್? 1884ರವರೆಗೆ, ಇನ್ನೂ 62 ವರ್ಷ ಬದುಕಿದಳು. ಒಂದೇ ಕನಸು, ಇಬ್ಬರು ಮನುಷ್ಯರು, ಅರ್ಧ ಮಾತ್ರ ನಿಜ. ಕಥೆ ಹೇಳುವವರು ಆ ಉಳಿದ ಅರ್ಧವನ್ನು ಬಿಟ್ಟುಬಿಡುತ್ತಾರೆ. ಜರ್ಮನ್ ಕವಿ ಗಯಟೆಯನ್ನೂ ಅಷ್ಟಾಗಿ ನೆನೆಯುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಪ್ರೇಯಸಿಯನ್ನು ಬಿಟ್ಟು ಕುದುರೆಯೇರಿ ಹೊರಟವನಿಗೆ, ಎದುರಿನಿಂದ ಬೂದುಬಣ್ಣದ ಜರತಾರಿ ಉಡುಪಿನಲ್ಲಿ ತಾನೇ ಬರುವುದು ಕಂಡಿತು. ಎಂಟು ವರ್ಷಗಳ ಮೇಲೆ ಅದೇ ದಾರಿಯಲ್ಲಿ, ಅಂಥದೇ ಉಡುಪಿನಲ್ಲಿ, ಅವಳನ್ನು ನೋಡಲು ಹೋದೆ ಎಂದು ಬರೆದುಕೊಂಡಿದ್ದಾನೆ. ಅಗಲಿಕೆಯ ಹೊತ್ತಿನಲ್ಲಿ ಆ ನೋಟ ಸಮಾಧಾನವನ್ನೇ ಕೊಟ್ಟಿತಂತೆ. ಅವನು ತೀರಿಕೊಂಡಾಗ ವಯಸ್ಸು 82.

ನಮ್ಮಲ್ಲಿಯೂ ಇದೆ. ಶಿವಪುರಾಣದ ಉಮಾಸಂಹಿತೆಯಲ್ಲಿ ಛಾಯಾಪುರುಷನ ಪ್ರಸ್ತಾಪ ಬರುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ತನ್ನ ನೆರಳನ್ನೇ ದಿಟ್ಟಿಸಿ, ಬಳಿಕ ಆಕಾಶ ನೋಡಿದರೆ ತನ್ನದೇ ಆಕೃತಿ ಕಾಣುತ್ತದೆ. ಅದಕ್ಕೆ ತಲೆಯಿಲ್ಲದಿದ್ದರೆ ಆರು ತಿಂಗಳಲ್ಲಿ ಸಾವು. ಹುಡುಗನಾಗಿದ್ದಾಗ ಅಂಗಳದಲ್ಲಿ ಮಾಡಿ ನೋಡಿದೆ. ಆಕೃತಿ ಕಾಣುವುದು ನಿಜ: ಕಪ್ಪನ್ನು ದಿಟ್ಟಿಸಿದ ಕಣ್ಣು, ಬೆಳಕಿನತ್ತ ತಿರುಗಿದಾಗ ಅದೇ ಆಕಾರವನ್ನು ಬೆಳ್ಳಗೆ ತೋರಿಸುತ್ತದೆ. ಕಣ್ಣು ಅಲುಗಿದರೆ ಅರ್ಧಂಬರ್ಧ ಮೂಡುತ್ತದೆ. ಮೊದಲ ದಿನ ನನಗೆ ತಲೆ ಮೂಡಲಿಲ್ಲ. ಇದು ನಲವತ್ತು ವರ್ಷಗಳ ಹಿಂದಿನ ಮಾತು.

ಮಿದುಳಿನ ಕಡೆಯಿಂದಲೂ ಒಂದು ಸಂಗತಿ ಹೇಳಬೇಕು. 2006ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮೂರ್ಛೆರೋಗದ ತಪಾಸಣೆಯಲ್ಲಿದ್ದ 22 ವರ್ಷದ ಹೆಣ್ಣುಮಗಳ ಮಿದುಳಿನ ಎಡಭಾಗದ ಒಂದು ಸ್ಥಳಕ್ಕೆ, ಕಿವಿಯ ಮೇಲ್ಗಡೆ, ಸಣ್ಣ ವಿದ್ಯುತ್ ಕೊಟ್ಟಾಗ ಅವಳಿಗೆ ಬೆನ್ನ ಹಿಂದೆ ಯಾರೋ ಇದ್ದಂತಾಯಿತು. ಅವಳು ಮಲಗಿದರೆ ಅದೂ ಮಲಗಿತು. ಕುಳಿತು ಮೊಣಕಾಲು ಅಪ್ಪಿಕೊಂಡರೆ ಅದು ಅವಳನ್ನು ಅಪ್ಪಿತು. ನಾನು ಇಲ್ಲಿದ್ದೇನೆ ಎಂಬ ಅರಿವನ್ನು ಮಿದುಳು ಕ್ಷಣಕ್ಷಣವೂ ಹೆಣೆಯುತ್ತಿರುತ್ತದೆ, ಹೆಣಿಗೆ ತಪ್ಪಿದರೆ ಇನ್ನೊಂದು ‘ನಾನು’ ಹುಟ್ಟುತ್ತದೆ.

ಇದು ತಮ್ಮನ್ನೇ ಕಾಣುವವರ ಮಾತು. ನಿಮ್ಮ ತಂಗಿಯದು ಸರಳ ಎಂದು ನನ್ನ ಅನಿಸಿಕೆ. ನೀವು ದಿನಾ ಎಷ್ಟು ಗಂಟೆಗೆ ಮನೆಗೆ ಬರುತ್ತೀರಿ, ಅಂದು ತಂತಿಯ ಮೇಲೆ ನಿಮ್ಮ ಅಂಗಿ ಇತ್ತೇ, ಕೇಳಿ ನೋಡಿ.

ಶಿರಸಿಯ ಕಡೆ ನಮ್ಮ ಅಜ್ಜಿಗೆ ಸಂಜೆ ದಣಪೆ ಸರಿಸಿದ ಸದ್ದು, ಅಜ್ಜನ ಕೆಮ್ಮು ಕೇಳುತ್ತಿದ್ದವು. ‘ಬಂದರು’ ಎಂದು ಒಲೆಯ ಮೇಲೆ ಕಾಫಿಗೆ ಹಾಲಿಡುತ್ತಿದ್ದಳು. ಹೊರಗೆ ಓಡಿದರೆ ದಾರಿ ಖಾಲಿ. ಹಾಲು ಉಕ್ಕುವ ಹೊತ್ತಿಗೆ ಅಜ್ಜ ನಿಜವಾಗಿ ಬರುತ್ತಿದ್ದರು. ಬಾರದ ದಿನಗಳೂ ಇದ್ದವು, ಪೇಟೆಯಲ್ಲೇ ತಡವಾಗಿ ರಾತ್ರಿ ಬಂದ ದಿನಗಳು. ಆ ದಿನಗಳ ವಿಷಯ ಮನೆಯಲ್ಲಿ ಯಾರಿಗೂ ನೆನಪಿಲ್ಲ. ನನಗೆ ಮಾತ್ರ ಚೆನ್ನಾಗಿ ನೆನಪಿದೆ, ಏಕೆಂದರೆ ಆ ಕಾಫಿಯನ್ನು ನಾನು ಕುಡಿಯುತ್ತಿದ್ದೆ.